ಮ್ಯಾಗ್ನೆಟ್ ಇಟ್ಟರೆ ಸಾಕು ಕರೆಂಟ್ ಬರುತ್ತದಂತೆ, ನಿಜವೇ? ಚಿಕ್ಕಪ್ಪ ಮುಂಗಡ ಕೊಡುವ ಮೊದಲು ಸಲಹೆ ಬೇಕು

ಕೊಪ್ಪದ ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ವಿಷಯ.

ನಮ್ಮ ಚಿಕ್ಕಪ್ಪನ ಮನೆ ಕೊಪ್ಪದ ಹತ್ತಿರ. ಗುಡ್ಡದ ಬುಡದಲ್ಲಿ ಅಡಿಕೆ ತೋಟ, ಅದರ ನಡುವೆ ಒಂಟಿ ಮನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ ನಾಲ್ಕೈದು ದಿನ ಕರೆಂಟ್ ಇರುವುದಿಲ್ಲ. ಚಿಕ್ಕಮ್ಮನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕತ್ತಲೆಯಲ್ಲಿ ಬಚ್ಚಲಿಗೆ ಹೋಗುವುದೇ ಕಷ್ಟ. ಹಾಗಾಗಿ ಚಿಕ್ಕಪ್ಪ ಏನಾದರೂ ದಾರಿ ಹುಡುಕುತ್ತಲೇ ಇದ್ದಾರೆ.

ಹೋದ ತಿಂಗಳು ಯಾರೋ ಒಂದು ವಿಡಿಯೋ ಕಳಿಸಿದ್ದಾರೆ. ಒಂದು ಚಕ್ರ, ಅದರ ಸುತ್ತ ಮ್ಯಾಗ್ನೆಟ್‌ಗಳು. ಕೈಯಿಂದ ಒಂದು ಸಲ ತಿರುಗಿಸಿ ಬಿಟ್ಟರೆ ನಿಲ್ಲುವುದೇ ಇಲ್ಲ, ಬಲ್ಬು ಉರಿಯುತ್ತಲೇ ಇರುತ್ತದೆ. ಡೀಸೆಲ್ ಬೇಡ, ಬಿಸಿಲು ಬೇಡ, ನೀರೂ ಬೇಡ. 5 ಕಿಲೋವ್ಯಾಟ್ ಅಂತೆ, 85 ಸಾವಿರ ಅಂತೆ. ಅರ್ಧ ಹಣ ಮುಂಗಡ ಕೇಳುತ್ತಿದ್ದಾರೆ. ನನಗೆ ಸಂಶಯ ಇದೆ. ಆದರೆ ನಾನು ಓದಿದ್ದು ಕಾಮರ್ಸ್. "ಶಾಲೆಯಲ್ಲೇ ಹೇಳಿಕೊಟ್ಟಿದ್ದಾರಲ್ಲ, ಮ್ಯಾಗ್ನೆಟ್‌ನಿಂದ ಕರೆಂಟ್ ಬರುತ್ತದೆ ಅಂತ" ಎಂದು ಚಿಕ್ಕಪ್ಪ ಕೇಳಿದರೆ ಏನು ಉತ್ತರ ಕೊಡಲಿ? ಅವರು ಹೇಳುವುದೂ ಸುಳ್ಳಲ್ಲ ಅಲ್ವಾ?

ಸೀಮೆಸುಣ್ಣ:

ಮೊದಲು ಮುಂಗಡ ನಿಲ್ಲಿಸಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಿಮ್ಮ ಚಿಕ್ಕಪ್ಪನವರು ಹೇಳಿದ್ದು ಅರ್ಧ ಸರಿ. ಉಳಿದರ್ಧವನ್ನು ನಾವು ಶಿಕ್ಷಕರೇ ಒತ್ತಿ ಹೇಳುವುದಿಲ್ಲ, ಅದು ನಮ್ಮ ತಪ್ಪು. ಮ್ಯಾಗ್ನೆಟ್ ಸುಮ್ನೆ ಇದ್ದರೆ ಕರೆಂಟ್ ಬರುವುದಿಲ್ಲ. ತಾಮ್ರದ ಸುರುಳಿಯ ಪಕ್ಕದಲ್ಲಿ ನೂರು ವರ್ಷ ಇಟ್ಟರೂ ಬರುವುದಿಲ್ಲ. ಮ್ಯಾಗ್ನೆಟ್ ಆದರೂ ಚಲಿಸಬೇಕು, ಸುರುಳಿಯಾದರೂ ಚಲಿಸಬೇಕು. ಸುರುಳಿಯ ಒಳಗೆ ಹಾಯುವ ಕಾಂತಬಲ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ತಂತಿಯಲ್ಲಿ ಕರೆಂಟ್ ಹರಿಯುತ್ತದೆ. ಬದಲಾವಣೆ ನಿಂತ ಕ್ಷಣ ಕರೆಂಟೂ ನಿಂತಿತು.

ಇದನ್ನು ಕಂಡುಕೊಳ್ಳಲು ದೊಡ್ಡ ದೊಡ್ಡವರೇ ಕಷ್ಟಪಟ್ಟಿದ್ದಾರೆ. ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಅಲುಗುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದ್ದರು. ಕರೆಂಟಿನಿಂದ ಕಾಂತಬಲ ಹುಟ್ಟುತ್ತದಾದರೆ ಕಾಂತಬಲದಿಂದ ಕರೆಂಟ್ ಯಾಕೆ ಹುಟ್ಟಬಾರದು ಎಂದು ಎಲ್ಲರೂ ಹುಡುಕಿದರು. ಜಿನೀವಾದ ಕೊಲಾಡೋನ್ ಎಂಬವರು 1825ರಲ್ಲಿ ಹತ್ತಿರ ಹತ್ತಿರ ಬಂದಿದ್ದರು. ದೊಡ್ಡ ಸುರುಳಿ, ಒಳ್ಳೆಯ ಮ್ಯಾಗ್ನೆಟ್, ಕರೆಂಟ್ ತೋರಿಸುವ ಗ್ಯಾಲ್ವನೋಮೀಟರ್ ಎಲ್ಲವೂ ಇತ್ತು. ಮ್ಯಾಗ್ನೆಟ್‌ನ ಸೆಳೆತ ನೇರವಾಗಿ ಮುಳ್ಳಿಗೆ ತಗಲಬಾರದು ಎಂದು ಆ ಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟರು. ಇಲ್ಲಿ ಮ್ಯಾಗ್ನೆಟ್ ಸುರುಳಿಗೆ ಹಾಕುವುದು, ನಡೆದು ಹೋಗಿ ಆ ಕೋಣೆಯಲ್ಲಿ ಮುಳ್ಳು ನೋಡುವುದು. ಅವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಳ್ಳು ಅಲುಗಿ, ವಾಪಸ್ ಬಂದು, ಸುಮ್ಮನಾಗಿರುತ್ತಿತ್ತು. ಈ ಕಥೆ ಹೇಳುವಾಗ ನನಗೆ ಪ್ರತಿ ವರ್ಷವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನೊಬ್ಬರು ಆ ಕೋಣೆಯಲ್ಲಿ ನಿಂತಿದ್ದರೆ ಸಾಕಿತ್ತು.

ಆರು ವರ್ಷದ ನಂತರ ಲಂಡನ್ನಿನಲ್ಲಿ ಫ್ಯಾರಡೆಗೆ ಅದು ಸಿಕ್ಕಿತು. 1831ರ ಅಕ್ಟೋಬರ್ 17ರಂದು ಅವರು ಸುರುಳಿಯೊಳಗೆ ಮ್ಯಾಗ್ನೆಟ್ ದೂಡಿದಾಗ ಮುಳ್ಳು ಒಂದು ಕಡೆ ವಾಲಿತು, ಎಳೆದಾಗ ಇನ್ನೊಂದು ಕಡೆ. ಹುಡುಗನಾಗಿದ್ದಾಗ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವರು ಅವರು.

ಹಾಗಾಗಿ ಚಿಕ್ಕಪ್ಪನವರಿಗೆ ಕೇಳಬೇಕಾದ ಪ್ರಶ್ನೆ ಒಂದೇ. ಆ ಚಕ್ರವನ್ನು ತಿರುಗಿಸುತ್ತಿರುವುದು ಯಾರು?

ಹುಡುಕಾಟ:

ಮೇಡಂ, ನಾನು ನಿಮ್ಮ ಮಾತಿಗೆ ಪೂರ್ತಿ ಒಪ್ಪುವುದಿಲ್ಲ. ತಪ್ಪು ತಿಳಿಯಬೇಡಿ. ಆ ಚಕ್ರವನ್ನು ಮ್ಯಾಗ್ನೆಟ್‌ಗಳೇ ತಿರುಗಿಸುತ್ತವೆ ಅಂತ ನನ್ನ ನಂಬಿಕೆ. ಒಂದೇ ಧ್ರುವಗಳು ಒಂದನ್ನೊಂದು ದೂಡುತ್ತವೆ ಅಲ್ವಾ? ನಮ್ಮ ಫ್ರಿಡ್ಜಿನ ಮೇಲೆ ಒಂದು ಮ್ಯಾಗ್ನೆಟ್ ಹತ್ತು ವರ್ಷದಿಂದ ಮಗಳ ಚಿತ್ರವನ್ನು ಹಿಡಿದುಕೊಂಡಿದೆ. ಅದಕ್ಕೆ ಯಾರೂ ಬ್ಯಾಟರಿ ಹಾಕಿಲ್ಲ. ಹಾಗಾದರೆ ಅದರಲ್ಲಿ ಶಕ್ತಿ ಇದೆ ಅಂತಲೇ ಅರ್ಥ ಅಲ್ವಾ? ಆ ಶಕ್ತಿಯನ್ನು ಬಳಸಿದರೆ ಏನು ತಪ್ಪು? ನಾನೇ ಎರಡು ವರ್ಷದಿಂದ ಒಂದು ಚಕ್ರ ಮಾಡಲು ಪ್ರಯತ್ನಪಡುತ್ತಿದ್ದೇನೆ.

ಸೀಮೆಸುಣ್ಣ:

ತಪ್ಪು ಯಾಕೆ ತಿಳಿಯಲಿ? ಒಳ್ಳೆಯ ಪ್ರಶ್ನೆ.

ನಮ್ಮ ಮನೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಅದೂ ಹತ್ತು ವರ್ಷದಿಂದ ಕ್ಯಾಲೆಂಡರ್ ಹಿಡಿದುಕೊಂಡಿದೆ. ಮೊಳೆಗೂ ಯಾರೂ ಬ್ಯಾಟರಿ ಹಾಕಿಲ್ಲ. ಹಿಡಿದುಕೊಂಡಿರುವುದಕ್ಕೆ ಬಲ ಬೇಕು, ಆದರೆ ಶಕ್ತಿ ಖರ್ಚಾಗುವುದಿಲ್ಲ. ವಸ್ತು ಸರಿದಾಗ ಮಾತ್ರ ಖರ್ಚು.

ಸರಿಯುವ ವಿಷಯಕ್ಕೆ ಬಂದರೆ, ಎರಡು ಮ್ಯಾಗ್ನೆಟ್‌ಗಳು ದೂಡಿಕೊಂಡಾಗ ಚಕ್ರ ಸ್ವಲ್ಪ ತಿರುಗುತ್ತದೆ, ನಿಜ. ಆದರೆ ಒಂದು ಸುತ್ತು ಮುಗಿಯಬೇಕಾದರೆ ಅದೇ ಮ್ಯಾಗ್ನೆಟ್ ಅದೇ ಜಾಗಕ್ಕೆ ವಾಪಸ್ ಬರಬೇಕು. ಬರುವಾಗ ಅದೇ ದೂಡುವಿಕೆಯ ಎದುರು ಬರಬೇಕು. ಇಳಿಜಾರಿನಲ್ಲಿ ಸೈಕಲ್ಲಿಗೆ ಸಿಕ್ಕಿದ ವೇಗ ಎದುರಿನ ಏರಿನಲ್ಲಿ ಕರಗಿದ ಹಾಗೆ. ಮ್ಯಾಗ್ನೆಟ್‌ಗಳನ್ನು ಓರೆಯಾಗಿ ಇಟ್ಟರೂ, ಹೆಚ್ಚು ಕಮ್ಮಿ ಮಾಡಿದರೂ, ಸುತ್ತು ಮುಗಿದಾಗ ಲೆಕ್ಕ ಸೊನ್ನೆ. ಮೇಲಿಂದ ಬೇರಿಂಗಿನ ತಿಕ್ಕಾಟ ಬೇರೆ. ನಿಮ್ಮ ಚಕ್ರ ಎರಡು ವರ್ಷದಿಂದ ಎಲ್ಲಿ ನಿಲ್ಲುತ್ತದೆ, ಗಮನಿಸಿದ್ದೀರಾ? ಪ್ರತಿ ಸಲವೂ ಅದೇ ಒಂದೆರಡು ಜಾಗದಲ್ಲಿ ನಿಲ್ಲುತ್ತಿರಬೇಕು.

ಹುಡುಕಾಟ:

ಹೌದು. ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತದೆ. ಆ ಜಾಗದ ಮ್ಯಾಗ್ನೆಟ್ ಸರಿಯಿಲ್ಲ ಅಂದುಕೊಂಡಿದ್ದೆ. ಮೂರು ಸಲ ಬದಲಾಯಿಸಿದೆ.

ಕಾಯಿಲ್ ಕಟ್ಟುವವ:

ನಾನು ದಾವಣಗೆರೆ ಕಡೆಯವನು, 26 ವರ್ಷದಿಂದ ಮೋಟಾರು ವೈಂಡಿಂಗ್ ಕೆಲಸ. ಓದು ಕಡಿಮೆ. ಆದರೆ ಇದನ್ನು ಕೈಗೇ ಗೊತ್ತಾಗುವ ಹಾಗೆ ತೋರಿಸಬಹುದು. ಚಿಕ್ಕಪ್ಪನವರಿಗೂ ತೋರಿಸಿ.

ಹಳೇ ಡಿವಿಡಿ ಪ್ಲೇಯರ್, ಪ್ರಿಂಟರ್, ಆಟದ ಕಾರು, ಯಾವುದರಿಂದಲಾದರೂ ಒಂದು ಸಣ್ಣ ಡಿಸಿ ಮೋಟಾರು ಬಿಚ್ಚಿಕೊಳ್ಳಿ. ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದು. ಅದರ ಒಳಗೆ ಮ್ಯಾಗ್ನೆಟ್ ಇದೆ, ಕಾಯಿಲ್ ಇದೆ, ಅಂದರೆ ತಂತಿಯ ಸುರುಳಿ. ಕರೆಂಟ್ ಕೊಟ್ಟರೆ ತಿರುಗುತ್ತದೆ, ನೀವೇ ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಎರಡೂ ಒಂದೇ ಯಂತ್ರ. ಈಗ ಎರಡು ತಂತಿಗಳನ್ನು ಬಿಡಿಯಾಗಿ ಬಿಟ್ಟು ಶಾಫ್ಟ್ ತಿರುಗಿಸಿ. ಹಗುರವಾಗಿ ತಿರುಗುತ್ತದೆ. ಆಮೇಲೆ ಆ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿ ಮತ್ತೆ ತಿರುಗಿಸಿ. ಬಿಗಿಯಾಗುತ್ತದೆ. ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ.

ಮೋಟಾರು ಅದೇ, ಮ್ಯಾಗ್ನೆಟ್ ಅದೇ. ಬದಲಾದದ್ದು ಏನು? ಕರೆಂಟಿಗೆ ಹರಿಯಲು ದಾರಿ ಸಿಕ್ಕಿತು. ಹರಿಯುವ ಕರೆಂಟು ತನ್ನದೇ ಕಾಂತಬಲ ಹುಟ್ಟಿಸಿ ನಿಮ್ಮ ಕೈಗೆ ಎದುರು ನಿಲ್ಲುತ್ತದೆ. ಕರೆಂಟು ಎಷ್ಟು ಜಾಸ್ತಿ ತೆಗೆಯುತ್ತೀರೋ ಅಷ್ಟು ಗಟ್ಟಿಯಾಗಿ ತಿರುಗಿಸಬೇಕು. ಬಲ್ಬು ಜೋಡಿಸಿದರೆ ಅದರ ಬೆಳಕಿನ ಶಕ್ತಿ ನಿಮ್ಮ ಕೈಯಿಂದ ಬರುತ್ತದೆ, ಮ್ಯಾಗ್ನೆಟ್‌ನಿಂದ ಅಲ್ಲ.

ಹಿಂದೆ ಸೈಕಲ್ಲಿಗೆ ಡೈನಮೋ ಇರುತ್ತಿತ್ತಲ್ಲ, ಚಕ್ರಕ್ಕೆ ತಾಗಿಸಿದ ಕೂಡಲೇ ತುಳಿಯುವುದು ಭಾರ ಆಗುತ್ತಿತ್ತು. 6 ವೋಲ್ಟ್, 3 ವ್ಯಾಟ್ ಅಷ್ಟೇ. ಅಷ್ಟಕ್ಕೇ ಕಾಲಿಗೆ ಗೊತ್ತಾಗುತ್ತಿತ್ತು. ಒಂದು ವಿಷಯ, ನಾವು ಅದನ್ನು ಡೈನಮೋ ಅಂದರೂ ಅದರ ಒಳಗೆ ತಿರುಗುತ್ತಿದ್ದದ್ದು ಮ್ಯಾಗ್ನೆಟ್, ಕಾಯಿಲ್ ಅಲ್ಲಾಡುತ್ತಿರಲಿಲ್ಲ. ಬರುತ್ತಿದ್ದದ್ದು ಎಸಿ ಕರೆಂಟು, ಅಂದರೆ ದಿಕ್ಕು ಬದಲಾಯಿಸುತ್ತಲೇ ಇರುವ ಕರೆಂಟು. ಎಸಿ ಕರೆಂಟು ಹುಟ್ಟಿಸುವ ಈಗಿನ ದೊಡ್ಡ ಆಲ್ಟರ್ನೇಟರ್‌ಗಳೂ ಹಾಗೇ, ಕಾಯಿಲ್ ಹೊರಗೆ ನಿಂತಿರುತ್ತದೆ, ಮ್ಯಾಗ್ನೆಟ್ ಒಳಗೆ ತಿರುಗುತ್ತದೆ. ನಿಂತಿರುವ ಕಾಯಿಲಿಂದ ದೊಡ್ಡ ಕರೆಂಟು ಹೊರಗೆ ತೆಗೆಯುವುದು ಸುಲಭ.

5 ಕಿಲೋವ್ಯಾಟ್ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. ಗಟ್ಟಿಮುಟ್ಟಾದ ಒಬ್ಬ ಮನುಷ್ಯ ಒಂದು ಗಂಟೆ ಬಿಡದೆ ಪೆಡಲ್ ತುಳಿದರೆ 100 ವ್ಯಾಟ್ ಆಸುಪಾಸು ಕೊಡಬಲ್ಲ. ಒಂದು ಯೂನಿಟ್ಟಿಗೆ ಹತ್ತು ಗಂಟೆ ತುಳಿಯಬೇಕು. 5 ಕಿಲೋವ್ಯಾಟಿಗೆ 50 ಜನ ಒಟ್ಟಿಗೆ ತುಳಿಯಬೇಕು. ಆ ವಿಡಿಯೋದಲ್ಲಿ 50 ಜನರ ಕೆಲಸವನ್ನು ಮಾಡುತ್ತಿರುವವರು ಯಾರು? ಪೀಠದ ಕೆಳಗೆ ಬ್ಯಾಟರಿ ಅಥವಾ ತಂತಿ ಅಡಗಿಸಿಟ್ಟಿರುತ್ತಾರೆ. ಇಂಥ ಒಂದು ಪೆಟ್ಟಿಗೆಯನ್ನು ಒಬ್ಬರು ಕೆಟ್ಟಿದೆ ಅಂತ ನನ್ನ ಅಂಗಡಿಗೆ ತಂದಿದ್ದರು. ಬಿಚ್ಚಿದರೆ ಒಳಗೆ ಸತ್ತುಹೋದ ಬ್ಯಾಟರಿ. ಆ ರೈತರ ಮುಖ ನೋಡಲು ಆಗಲಿಲ್ಲ.

ಪಿಯು ಹುಡುಗಿ:

ನಾನು ಇದನ್ನೇ ಪ್ರಾಜೆಕ್ಟ್‌ಗೆ ಮಾಡುತ್ತಿದ್ದೇನೆ, ಬರುತ್ತಿಲ್ಲ. ಪೆನ್ನಿನ ಕೊಳವೆಗಿಂತ ದಪ್ಪದ ಒಂದು ಪ್ಲಾಸ್ಟಿಕ್ ಕೊಳವೆಗೆ 200 ಸುತ್ತು ತಾಮ್ರದ ತಂತಿ ಸುತ್ತಿದ್ದೇನೆ. ಒಳಗೆ 12 ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಮ್ಯಾಗ್ನೆಟ್. ಜೋರಾಗಿ ಅಲ್ಲಾಡಿಸಿದರೂ ಎಲ್ಇಡಿ ಹತ್ತುವುದಿಲ್ಲ. ಮೀಟರ್ ಕೂಡ ಸೊನ್ನೆ ತೋರಿಸುತ್ತದೆ. ಮುಂದಿನ ವಾರ ಒಪ್ಪಿಸಬೇಕು ಅಣ್ಣ.

ಕಾಯಿಲ್ ಕಟ್ಟುವವ:

ತಂಗಿ, ತಂತಿಯ ಎರಡು ತುದಿಗಳನ್ನು ಕೆರೆದಿದ್ದೀಯಾ? ವೈಂಡಿಂಗ್ ತಂತಿಯ ಮೇಲೆ ಎನಾಮಲ್ ಇರುತ್ತದೆ, ಕರೆಂಟು ಹಾಯದ ತೆಳು ಲೇಪ. ಕಣ್ಣಿಗೆ ಬರೀ ತಾಮ್ರದ ಹಾಗೆ ಕಾಣುತ್ತದೆ. ಬ್ಲೇಡು ಅಥವಾ ಉಪ್ಪುಕಾಗದದಿಂದ ಹೊಳೆಯುವ ತನಕ ಕೆರೆಯಬೇಕು. ಮೀಟರ್ ಸೊನ್ನೆ ಅಂದರೆ ಮುಕ್ಕಾಲು ಪಾಲು ಅದೇ ಕಾರಣ.

ಎರಡನೆಯದು, ಮೀಟರನ್ನು ಎಸಿಗೆ ಇಟ್ಟರೆ ನಮ್ಮ ಅಗ್ಗದ ಮೀಟರುಗಳಲ್ಲಿ ಏನೂ ಕಾಣುವುದಿಲ್ಲ. ಡಿಸಿ 2 ವೋಲ್ಟಿಗೆ ಇಡು. ಒಮ್ಮೆ ಪ್ಲಸ್, ಒಮ್ಮೆ ಮೈನಸ್ ಹಾರಾಡುತ್ತದೆ. ಮುಳ್ಳಿನ ಮೀಟರ್ ಸಿಕ್ಕಿದರೆ ಇನ್ನೂ ಚಂದ.

ಆಮೇಲೆ 200 ಸುತ್ತು ಸಾಲದು. ಕೆಂಪು ಎಲ್ಇಡಿಗೂ 2 ವೋಲ್ಟಿನ ಹತ್ತಿರ ಬೇಕು. 36 ಗೇಜ್ ತಂತಿ ತಗೊಂಡು 1,200ರಿಂದ 1,500 ಸುತ್ತು ಹಾಕು, ಎಲ್ಲವನ್ನೂ ಒಂದು ಇಂಚಿನ ಅಗಲದ ಒಳಗೇ. ಸುತ್ತು ಎಲ್ಲವೂ ಒಂದೇ ದಿಕ್ಕಿಗೆ ಇರಲಿ. ಮಧ್ಯದಲ್ಲಿ ಊಟಕ್ಕೆ ಎದ್ದು ಹೋಗಿ ವಾಪಸ್ ಬಂದು ಉಲ್ಟಾ ಸುತ್ತಿದರೆ ಅಷ್ಟು ಸುತ್ತು ಇದ್ದದ್ದನ್ನೂ ತಿನ್ನುತ್ತದೆ.

ಸೀಮೆಸುಣ್ಣ:

ಅಣ್ಣ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ, ಪ್ರಾಜೆಕ್ಟಿನಲ್ಲಿ ಬರೆಯಲು ಆಗುತ್ತದೆ. ನಿನ್ನ ಮ್ಯಾಗ್ನೆಟ್ ಒಂದು ಸುತ್ತಿನ ಮೂಲಕ ಹಾಯಿಸುವ ಕಾಂತ ಪ್ರವಾಹ ಹತ್ತಿರಹತ್ತಿರ ಒಂದು ವೆಬರಿನ (ಕಾಂತ ಪ್ರವಾಹದ ಅಳತೆ) ಲಕ್ಷದ 3 ಪಾಲು ಅಂತಿಟ್ಟುಕೋ. ಸೆಕೆಂಡಿನ ಐವತ್ತನೇ ಒಂದು ಪಾಲಿನಲ್ಲಿ ಅದು ಸುರುಳಿಯೊಳಗೆ ಹೋಯಿತು ಅಂದರೆ ಒಂದು ಸುತ್ತಿಗೆ ಒಂದೂವರೆ ಮಿಲಿವೋಲ್ಟ್. 200 ಸುತ್ತಿಗೆ 0.3 ವೋಲ್ಟ್. 1,500 ಸುತ್ತಿಗೆ 2 ವೋಲ್ಟ್ ದಾಟುತ್ತದೆ. ಫ್ಯಾರಡೆಯ ನಿಯಮ ಅಂದರೆ ಇಷ್ಟೇ. ಸುತ್ತು ಎಷ್ಟು, ಬದಲಾವಣೆ ಎಷ್ಟು, ಎಷ್ಟು ಬೇಗ.

ಎರಡು ಎಲ್ಇಡಿ ಹಾಕು, ಒಂದಕ್ಕೊಂದು ತಿರುಗುಮುರುಗಾಗಿ. ಮ್ಯಾಗ್ನೆಟ್ ಒಳಗೆ ಹೋಗುವಾಗ ಒಂದು ಮಿನುಗುತ್ತದೆ, ಹೊರಬರುವಾಗ ಇನ್ನೊಂದು. ಕರೆಂಟಿನ ದಿಕ್ಕು ಬದಲಾಗುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಹಾಗೆ ಕಣ್ಣಿಂದ ನೋಡುವುದು ಬೇರೆ.

ಹಾಗೇ, ಏರ್ ಕಂಡಿಷನರ್ ರಿಪೇರಿ ಮಾಡುವವರ ಹತ್ತಿರ ಒಂದು ಮೀಟರ್ ಉದ್ದದ ತಾಮ್ರದ ಪೈಪಿನ ತುಂಡು ಸಿಕ್ಕಿದರೆ ಬಿಡಬೇಡ. ಮ್ಯಾಗ್ನೆಟ್ ಅದರೊಳಗೆ ಸಡಿಲವಾಗಿ ಹೋಗಬೇಕು, ಜಾಸ್ತಿ ಜಾಗವೂ ಇರಬಾರದು. ನೆಟ್ಟಗೆ ಹಿಡಿದು ಮೇಲಿಂದ ಮ್ಯಾಗ್ನೆಟ್ ಬಿಡು. ಸಾಮಾನ್ಯ ಕಲ್ಲು ಅರ್ಧ ಸೆಕೆಂಡಿನೊಳಗೆ ಕೆಳಗೆ ಬೀಳುತ್ತದೆ. ಮ್ಯಾಗ್ನೆಟ್ ಜೇನುತುಪ್ಪದಲ್ಲಿ ಇಳಿದ ಹಾಗೆ ನಿಧಾನವಾಗಿ ಇಳಿಯುತ್ತದೆ. ತಾಮ್ರಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ, ಆದರೂ ಹಿಡಿದ ಹಾಗೆ ಆಗುತ್ತದೆ. ಬೀಳುವ ಮ್ಯಾಗ್ನೆಟ್ ಪೈಪಿನ ಗೋಡೆಯಲ್ಲೇ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟು ಬೀಳುವುದನ್ನೇ ತಡೆಯುತ್ತದೆ. ಇದಕ್ಕೆ ಲೆಂಜ್ ನಿಯಮ ಅನ್ನುತ್ತೇವೆ.

ನಿವೃತ್ತ ಆಪರೇಟರ್:

ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಶರಾವತಿ ಕಣಿವೆಯ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು.

ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರ. ಒಂದೊಂದು 103.5 ಮೆಗಾವ್ಯಾಟ್, ಒಟ್ಟು 1,035 ಮೆಗಾವ್ಯಾಟ್. ನೀರು ಬರುವುದು ಲಿಂಗನಮಕ್ಕಿ ಜಲಾಶಯದಿಂದ, ತಲಕಳಲೆ ಅಣೆಕಟ್ಟಿನ ಮೂಲಕ. ಅಷ್ಟು ದೊಡ್ಡ ಯಂತ್ರದ ಒಳಗೂ ನಡೆಯುವುದು ಈ ಹುಡುಗಿಯ ಪ್ಲಾಸ್ಟಿಕ್ ಕೊಳವೆಯಲ್ಲಿ ನಡೆಯುವುದೇ. ಮ್ಯಾಗ್ನೆಟ್ ಸರಿಯುತ್ತದೆ, ತಾಮ್ರದಲ್ಲಿ ಕರೆಂಟ್ ಹುಟ್ಟುತ್ತದೆ. ಬೇರೆ ಗುಟ್ಟೇನೂ ಇಲ್ಲ.

ಈಗ ಲೆಂಜ್ ನಿಯಮದ ಮಾತು ಬಂತಲ್ಲ, ಅದನ್ನು ನಾವು ಪ್ರತಿದಿನ ಸಂಜೆ ನೋಡುತ್ತಿದ್ದೆವು. ಊರೂರಲ್ಲಿ ದೀಪ ಹಚ್ಚುವ ಹೊತ್ತು. ಲೋಡ್, ಅಂದರೆ ಕರೆಂಟಿನ ಬಳಕೆ, ಏರುತ್ತದೆ. ಏರಿದ ಕೂಡಲೇ ಯಂತ್ರದ ಮೇಲೆ ಎದುರು ಬಲ ಜಾಸ್ತಿಯಾಗುತ್ತದೆ, ಅದು ನಿಧಾನ ಆಗಲು ನೋಡುತ್ತದೆ. ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕ, 50ರಿಂದ ಕೆಳಗೆ ಜಾರುತ್ತದೆ. ಆಗ ಯಂತ್ರದ ವೇಗ ಕಾಯುವ ಗವರ್ನರ್ ಎಂಬ ಸಾಧನ, ನೀರು ಚಿಮ್ಮುವ ನಾಜಲ್ ಬಾಯಿ ಇನ್ನಷ್ಟು ತೆರೆದು ಜಾಸ್ತಿ ನೀರು ಬಿಡುತ್ತದೆ. ನೀವು ಮನೆಯಲ್ಲಿ ಗೀಸರ್ ಹಾಕಿದ ಕ್ಷಣ ಎಲ್ಲೋ ಒಂದು ಕಡೆ ಅಷ್ಟು ನೀರು, ಅಷ್ಟು ಕಲ್ಲಿದ್ದಲು ಜಾಸ್ತಿ ಖರ್ಚಾಗಲೇಬೇಕು. ಮ್ಯಾಗ್ನೆಟ್ ತಾನಾಗಿ ಕೊಡುವ ಹಾಗಿದ್ದರೆ ನಾವು ಜೂನ್ ತಿಂಗಳಲ್ಲಿ ಮಳೆ ಯಾವಾಗ ಬರುತ್ತದೆ ಎಂದು ಲಿಂಗನಮಕ್ಕಿಯ ಮಟ್ಟ ನೋಡುತ್ತಾ ಕೂರಬೇಕಿರಲಿಲ್ಲ.

ವೇಗದ ಬಗ್ಗೆಯೂ ಹೇಳುತ್ತೇನೆ. 50 ಫ್ರೀಕ್ವೆನ್ಸಿ ಬೇಕಾದರೆ ಎರಡು ಧ್ರುವದ ಯಂತ್ರ ನಿಮಿಷಕ್ಕೆ 3,000 ಸುತ್ತು ತಿರುಗಬೇಕು. ನಾಲ್ಕು ಧ್ರುವಕ್ಕೆ 1,500. ನೀರಿನ ದೊಡ್ಡ ಯಂತ್ರಗಳು ಅಷ್ಟು ಜೋರಾಗಿ ತಿರುಗುವುದಿಲ್ಲ, ಹಾಗಾಗಿ ಧ್ರುವಗಳನ್ನು ಜಾಸ್ತಿ ಹಾಕುತ್ತಾರೆ. 300 ಸುತ್ತಿಗೆ 20 ಧ್ರುವ. ಧ್ರುವಗಳ ಸಂಖ್ಯೆಯನ್ನೂ ಸುತ್ತಿನ ಸಂಖ್ಯೆಯನ್ನೂ ಗುಣಿಸಿ 120ರಿಂದ ಭಾಗಿಸಿ, ಫ್ರೀಕ್ವೆನ್ಸಿ ಸಿಗುತ್ತದೆ.

ಇನ್ನೊಂದು. ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯ ನೀರಿನಿಂದ ಕರೆಂಟ್ ಮಾಡಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅದಕ್ಕಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಈ ನೆಲದಲ್ಲಿ ನೀರಿನಿಂದ ಕರೆಂಟ್ ತೆಗೆಯುವುದು ಹೊಸದಲ್ಲ. ಕೊಪ್ಪದಂಥ ಊರಲ್ಲಿ ಗುಡ್ಡದಿಂದ ಅಬ್ಬಿ ನೀರು ಬರುವ ಮನೆಯವರು ಇಲ್ಲದ ಯಂತ್ರಕ್ಕೆ ಹಣ ಕೊಡುವುದು ನೋಡಿದರೆ ನೋವಾಗುತ್ತದೆ. ಅವರ ಹಿತ್ತಲಲ್ಲೇ ಶಕ್ತಿ ಇಳಿದು ಹೋಗುತ್ತಿದೆ.

ಕೊಪ್ಪದ ಹುಡುಗ:

ಸರ್, ಹೌದು! ಅಬ್ಬಿ ನೀರು ಇದೆ. ಜೂನ್‌ನಿಂದ ಡಿಸೆಂಬರ್ ತನಕ ಚೆನ್ನಾಗಿ ಬರುತ್ತದೆ. ತೋಟಕ್ಕೂ ಮನೆಗೂ ಅದೇ. ಅದರಿಂದ ಮನೆಗೆ ಕರೆಂಟ್ ಆಗುತ್ತದಾ?

ಇನ್ನೊಂದು ಸಂಶಯ. ಕರೆಂಟ್ ತೆಗೆದು ತೆಗೆದು ಮ್ಯಾಗ್ನೆಟ್ ಖಾಲಿ ಆಗುವುದಿಲ್ಲವೇ?

ಕಾಯಿಲ್ ಕಟ್ಟುವವ:

ಖಾಲಿ ಆಗುವುದಿಲ್ಲ. ಅದು ಎಣ್ಣೆ ಅಲ್ಲ, ಉರಿದು ಮುಗಿಯಲು. ಗರಗಸ ಮರ ಕೊಯ್ಯುತ್ತದೆ, ಆದರೆ ಬೆವರು ಸುರಿಯುವುದು ಕೊಯ್ಯುವವನದು. ಮ್ಯಾಗ್ನೆಟ್ ಇಲ್ಲಿ ಗರಗಸ.

ಆದರೆ ಬಿಸಿಗೆ ಕೆಡುತ್ತದೆ. ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳಲು ಶುರು. ನೀರು ತಾಗಿದರೆ ತುಕ್ಕು ಹಿಡಿದು ಪುಡಿಯಾಗುತ್ತದೆ, ಮೇಲಿನ ನಿಕ್ಕಲ್ ಪದರ ಕಿತ್ತು ಹೋಗದಂತೆ ನೋಡಿಕೊಳ್ಳಬೇಕು.

ದೊಡ್ಡ ಯಂತ್ರಗಳಲ್ಲಿ, ಡೀಸೆಲ್ ಜನರೇಟರ್‌ಗಳಲ್ಲಿ ಇಂಥ ಕಾಯಂ ಮ್ಯಾಗ್ನೆಟ್ ಇರುವುದಿಲ್ಲ. ಕಬ್ಬಿಣದ ಮೇಲೆ ತಂತಿ ಸುತ್ತಿ, ಸ್ವಲ್ಪ ಡಿಸಿ ಕರೆಂಟು ಕೊಟ್ಟು ಮ್ಯಾಗ್ನೆಟ್ ಮಾಡುತ್ತಾರೆ. ಹಾಗಿದ್ದರೆ ಮೊದಲ ಕರೆಂಟು ಎಲ್ಲಿಂದ ಅಂತ ಕೇಳಬಹುದು. ಕಬ್ಬಿಣದಲ್ಲಿ ಹಿಂದಿನ ಸಲದ ಮ್ಯಾಗ್ನೆಟ್ ಗುಣ ಚೂರು ಉಳಿದಿರುತ್ತದೆ. ಆ ಚೂರಿನಿಂದ ಚೂರು ಕರೆಂಟು, ಅದರಿಂದ ಇನ್ನಷ್ಟು ಮ್ಯಾಗ್ನೆಟ್ ಬಲ, ಹೀಗೆ ಏರುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿಟ್ಟ ಜನರೇಟರ್ ತಿರುಗಿದರೂ ಕರೆಂಟು ಕೊಡುವುದಿಲ್ಲ ಅಂತ ತರುತ್ತಾರೆ. ಆ ಚೂರು ಕಳೆದುಹೋಗಿರುತ್ತದೆ. ವೋಲ್ಟೇಜ್ ಕಾಯುವ ರೆಗ್ಯುಲೇಟರ್ ಬಿಚ್ಚಿಟ್ಟು, ಫೀಲ್ಡ್ ವೈಂಡಿಂಗಿಗೆ, ಅಂದರೆ ಆ ಕಬ್ಬಿಣಕ್ಕೆ ಸುತ್ತಿದ ತಂತಿಗೆ, 12 ವೋಲ್ಟ್ ಬ್ಯಾಟರಿ ಒಂದೆರಡು ಕ್ಷಣ ತಾಗಿಸಿದರೆ ಮತ್ತೆ ಏಳುತ್ತದೆ. ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಅಬ್ಬಿ ನೀರಿನ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಇರಬೇಕು.

ಹಳ್ಳದ ದಂಡೆ:

ಇದ್ದೇನೆ. ನಮ್ಮದು ಬೆಳ್ತಂಗಡಿ ತಾಲೂಕು, ಘಟ್ಟದ ಬುಡ. ಮನೆಗೆ ನೀರಿನ ಟರ್ಬೈನು, ಅಂದರೆ ನೀರು ಹೊಡೆದು ತಿರುಗಿಸುವ ಚಕ್ರ, ಹಾಕಿ 12 ವರ್ಷ ಆಯಿತು. ನಮ್ಮ ಕಡೆ, ಮಲೆನಾಡಿನ ಕಡೆ ಇಂಥ ಮನೆಗಳು ಬೇಕಾದಷ್ಟು ಇವೆ. ಚಿಕ್ಕಪ್ಪನವರು ಒಂದು ಮಳೆಗಾಲ ಅಂಥ ಮನೆಯಲ್ಲಿ ಎರಡು ದಿನ ಉಳಿದು ನೋಡಲಿ, ವಿಡಿಯೋ ನೋಡುವುದಕ್ಕಿಂತ ಅದು ಮೇಲು.

ನನ್ನ ಲೆಕ್ಕ ಹೇಳುತ್ತೇನೆ. ಮೇಲಿನ ಕಟ್ಟದಿಂದ (ಹಳ್ಳಕ್ಕೆ ಹಾಕಿದ ಸಣ್ಣ ಒಡ್ಡು) ಟರ್ಬೈನಿಗೆ 30 ಮೀಟರ್ ಎತ್ತರ. ಪೈಪು 200 ಮೀಟರ್, 3 ಇಂಚು. ಸೆಕೆಂಡಿಗೆ 5 ಲೀಟರ್ ನೀರು. ಎತ್ತರವನ್ನು ಲೀಟರಿಂದ ಗುಣಿಸಿ, ಮತ್ತೆ 9.8ರಿಂದ ಗುಣಿಸಿದರೆ ನೀರಿನಲ್ಲಿರುವ ವ್ಯಾಟ್ ಸಿಗುತ್ತದೆ. ಪೈಪಿನ ತಿಕ್ಕಾಟಕ್ಕೆ 3 ಮೀಟರ್ ಎತ್ತರ ಕಳೆಯಿರಿ. ಟರ್ಬೈನು, ಬೆಲ್ಟು, ಆಲ್ಟರ್ನೇಟರ್ ಎಲ್ಲಾ ಸೇರಿ ಅರ್ಧ ತಿನ್ನುತ್ತವೆ ಅಂತ ಇಟ್ಟುಕೊಳ್ಳಿ. ನನಗೆ ಕೈಗೆ ಸಿಗುವುದು 650 ವ್ಯಾಟ್. ಕೇಳಲು ಕಡಿಮೆ. ಆದರೆ ಹಗಲೂ ರಾತ್ರಿ ಬರುತ್ತದೆ, ದಿನಕ್ಕೆ 15 ಯೂನಿಟ್ ದಾಟುತ್ತದೆ.

ಮೊದಲು ನಾನು 2 ಇಂಚಿನ ಪೈಪು ಹಾಕಿದ್ದೆ, ಹಣ ಉಳಿಸಲು. ದೊಡ್ಡ ತಪ್ಪು. ಎತ್ತರದಲ್ಲಿ ಅರ್ಧಕ್ಕಿಂತ ಜಾಸ್ತಿ ಪೈಪಿನ ಒಳಗೇ ಕರಗಿಹೋಯಿತು. ಬಲ್ಬು ಮಿಣಿಮಿಣಿ. ಎರಡನೇ ವರ್ಷ ಎಲ್ಲಾ ಕಿತ್ತು 3 ಇಂಚು ಎಳೆದೆ. ಹಣ ಹಾಕುವುದಿದ್ದರೆ ಮೊದಲು ಪೈಪಿಗೆ ಹಾಕಿ.

ಚಕ್ರ ಪೆಲ್ಟನ್ ಮಾದರಿಯದು, ಸುತ್ತ ಜೋಡಿ ಬಟ್ಟಲುಗಳು. ನಾಜಲಿನ ತೂತು 17 ಮಿಲಿಮೀಟರ್. ಅದರಿಂದ ನೀರು ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಹೊಡೆಯುತ್ತದೆ. ಬಟ್ಟಲು ಅದರ ಅರ್ಧದಷ್ಟು ವೇಗದಲ್ಲಿ ಓಡಿದರೆ ನೀರಿನ ಶಕ್ತಿ ಅತಿ ಹೆಚ್ಚು ಸಿಗುತ್ತದೆ, ಟರ್ಬೈನಿಂದ ಬೀಳುವ ನೀರು ಸೋತ ಹಾಗೆ ಕೆಳಗೆ ಜಾರುತ್ತದೆ. ಅದನ್ನು ನೋಡಿದರೇ ಗೊತ್ತಾಗುತ್ತದೆ ಸರಿಯಾಗಿದೆ ಅಂತ. ಚಕ್ರ ನಿಮಿಷಕ್ಕೆ ಸಾವಿರ ಸುತ್ತು, ಬೆಲ್ಟು ಹಾಕಿ ಆಲ್ಟರ್ನೇಟರಿಗೆ 1,500 ಮಾಡಿಕೊಂಡಿದ್ದೇನೆ.

ಜಾಗ್ರತೆಯ ಮಾತು. ಲೋಡ್ ಒಮ್ಮೆಲೇ ತೆಗೆದರೆ ಟರ್ಬೈನು ಓಡಲು ಶುರು ಮಾಡುತ್ತದೆ. ಎದುರು ಬಲವೇ ಇಲ್ಲವಲ್ಲ! ವೇಗ ಹತ್ತಿರಹತ್ತಿರ ಎರಡು ಪಟ್ಟು ಆಗಬಹುದು, ವೋಲ್ಟೇಜೂ ಏರುತ್ತದೆ. ನಮ್ಮಲ್ಲಿ ಒಂದು ರಾತ್ರಿ ಎಲ್ಲಾ ಸ್ವಿಚ್ ಆರಿಸಿ ಮಲಗಿದೆವು, ಒಂದು ದೀಪ ಮಾತ್ರ ಉಳಿದಿತ್ತು, ಅದು ಟಪ್ ಅಂದಿತು. ಈಗ ಲೋಡ್ ಕಂಟ್ರೋಲರ್ ಇದೆ. ಮನೆಯಲ್ಲಿ ಬಳಸದೆ ಉಳಿದ ಕರೆಂಟು ತಾನಾಗಿ ಬಚ್ಚಲ ಹಂಡೆಯ ಹೀಟರಿಗೆ ಹೋಗುತ್ತದೆ. ಬೆಳಿಗ್ಗೆ ಏಳುವ ಹೊತ್ತಿಗೆ ಬಿಸಿನೀರು ರೆಡಿ, ಸೌದೆ ಉಳಿಯಿತು. ನಿಲ್ಲಿಸುವಾಗ ವಾಲ್ವನ್ನು ಗಬಕ್ಕನೆ ಮುಚ್ಚಬೇಡಿ, ಓಡುವ ನೀರು ಹೊಡೆದು ಪೈಪು ಒಡೆಯುತ್ತದೆ. ಮೊದಲು ನೀರಿನ ಧಾರೆಯನ್ನು ತಗಡಿನಿಂದ ಚಕ್ರದ ಆಚೆಗೆ ತಿರುಗಿಸಿ, ಆಮೇಲೆ ನಿಧಾನವಾಗಿ ಮುಚ್ಚಿ. ಲೈನ್ ಕರೆಂಟು, ಇದು ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಇಲ್ಲದಿದ್ದರೆ ನಿಮ್ಮ ಕರೆಂಟು ಕಂಬಕ್ಕೆ ಹತ್ತಿ, ಮರ ತೆಗೆಯಲು ಬಂದ ಲೈನ್‌ಮನ್ ಜೀವಕ್ಕೆ ಅಪಾಯ.

ಉಳಿದಂತೆ ದಿನಾ ಬೆಳಿಗ್ಗೆ ಕಟ್ಟದ ಬಲೆಯಿಂದ ಎಲೆ ತೆಗೆಯುವ ಕೆಲಸ. ಏಡಿ ಬಂದು ನಾಜಲಿಗೆ ಸಿಕ್ಕಿಕೊಂಡರೆ ದೀಪ ಮಂಕಾಗುತ್ತದೆ, ಮನೆಯವರಿಗೆಲ್ಲ ಈಗ ಅದು ಗೊತ್ತು.

ಹುಡುಕಾಟ:

ನನ್ನ ಚಕ್ರ ಬಿಚ್ಚಿದೆ. ಅದರಲ್ಲಿ 24 ಒಳ್ಳೆಯ ನಿಯೋಡಿಮಿಯಂ ಮ್ಯಾಗ್ನೆಟ್ ಇವೆ. ಇವುಗಳಿಂದ ಸಣ್ಣ ಆಲ್ಟರ್ನೇಟರ್ ಮಾಡಬಹುದಾ? ಮನೆ ಹತ್ತಿರ ಕಾಲುವೆ ಇದೆ.

ಕಾಯಿಲ್ ಕಟ್ಟುವವ:

ಧಾರಾಳವಾಗಿ. ಎರಡು ಕಬ್ಬಿಣದ ತಟ್ಟೆ, ಒಂದೊಂದಕ್ಕೆ 12 ಮ್ಯಾಗ್ನೆಟ್, ಉತ್ತರ ದಕ್ಷಿಣ ಒಂದು ಬಿಟ್ಟು ಒಂದು. ನಡುವೆ 9 ಕಾಯಿಲ್, ಮೂರು ಮೂರರಂತೆ ಮೂರು ಫೇಸ್, ರೆಸಿನ್‌ನಲ್ಲಿ ಅಚ್ಚು ಹಾಕಿ ನಿಲ್ಲಿಸಬೇಕು. ಎರಡು ತಟ್ಟೆಯ ಎದುರುಬದುರು ಮ್ಯಾಗ್ನೆಟ್‌ಗಳು ಒಂದನ್ನೊಂದು ಸೆಳೆಯುವ ಹಾಗೆ ಇರಲಿ. ಜೋಡಿಸುವಾಗ ಬೆರಳು ಜೋಪಾನ, ಬೋಲ್ಟ್ ಹಾಕಿ ನಿಧಾನ ಇಳಿಸಿ. ಅಳತೆ ಕಳಿಸಿ, ಸುತ್ತು ಎಷ್ಟು ಅಂತ ಹೇಳುತ್ತೇನೆ.

ಪಿಯು ಹುಡುಗಿ:

ಅಣ್ಣ, ಹತ್ತಿತು!!! ತುದಿ ಕೆರೆದಿರಲಿಲ್ಲ. 1,400 ಸುತ್ತು ಆಯಿತು, ಎರಡು ಸಂಜೆ ಅಜ್ಜಿ ಲೆಕ್ಕ ಇಟ್ಟರು. ಕೆಂಪು, ಹಸಿರು ಎರಡೂ ಒಂದಾದ ಮೇಲೊಂದು ಮಿನುಗುತ್ತಿವೆ. ಹಸಿರು ಸ್ವಲ್ಪ ಮಂಕು.

ಕೊಪ್ಪದ ಹುಡುಗ:

ಶನಿವಾರ ಊರಿಗೆ ಹೋಗಿದ್ದೆ. ಹಳೇ ಪ್ರಿಂಟರ್ ಮೋಟಾರು ಒಯ್ದಿದ್ದೆ. ಚಿಕ್ಕಪ್ಪನ ಕೈಗೆ ಕೊಟ್ಟು ತಂತಿ ಬಿಟ್ಟು ತಿರುಗಿಸಿ ಅಂದೆ, ಆಮೇಲೆ ತಂತಿ ಸೇರಿಸಿ ತಿರುಗಿಸಿ ಅಂದೆ. ನಾಲ್ಕೈದು ಸಲ ಬಿಟ್ಟು ಸೇರಿಸಿ ನೋಡಿದರು. ಏನೂ ಮಾತಾಡಲಿಲ್ಲ. ಸಂಜೆ ಅವರೇ ಫೋನ್ ಮಾಡಿ ಮುಂಗಡ ಕೊಡುವುದಿಲ್ಲ ಅಂದರು.

ಭಾನುವಾರ ಇಬ್ಬರೂ ಗುಡ್ಡ ಹತ್ತಿದೆವು. ಅಬ್ಬಿಯ ಪೈಪಿನ ಕೆಳತುದಿಗೆ ಪ್ರೆಶರ್ ಗೇಜ್ ಹಾಕಿ ನೀರು ಬಂದ್ ಮಾಡಿ ನೋಡಿದರೆ ಒತ್ತಡ ಚದರ ಸೆಂಟಿಮೀಟರಿಗೆ 1.8 ಕೆಜಿ. ಈಗಿರುವ ಪೈಪು 2 ಇಂಚು, 140 ಮೀಟರ್. ಮೇಲೆ ಅಬ್ಬಿಯ ಬಾಯಲ್ಲೇ 20 ಲೀಟರ್ ಬಕೆಟ್ ಇಟ್ಟೆವು, 6 ಸೆಕೆಂಡಿಗೆ ತುಂಬಿತು. ಇದು ಸಾಕಾ ಅಣ್ಣ?

ಹಳ್ಳದ ದಂಡೆ:

ಸರಿಯಾಗಿ ಅಳೆದಿದ್ದೀರಿ. 1.8 ಕೆಜಿ ಅಂದರೆ 18 ಮೀಟರ್ ಎತ್ತರ. ನೀರು ಸೆಕೆಂಡಿಗೆ 3.3 ಲೀಟರ್. ಇಷ್ಟು ನೀರನ್ನು 2 ಇಂಚಿನ ಪೈಪಿನಲ್ಲಿ ಓಡಿಸಿದರೆ 7-8 ಮೀಟರ್ ತಿಕ್ಕಾಟಕ್ಕೇ ಹೋಗುತ್ತದೆ, ಕೈಗೆ 160 ವ್ಯಾಟ್ ಸಿಕ್ಕಿದರೆ ಹೆಚ್ಚು. 3 ಇಂಚು ಹಾಕಿದರೆ ನಷ್ಟ ಒಂದು ಮೀಟರ್ ಚಿಲ್ಲರೆ, 270 ವ್ಯಾಟ್ ಸಿಗುತ್ತದೆ. ಮನೆಯ ಎಲ್ಲಾ ಎಲ್ಇಡಿ ದೀಪ, ಫ್ಯಾನು, ಟಿವಿ, ಮೊಬೈಲ್ ಆರಾಮವಾಗಿ ನಡೆಯುತ್ತವೆ. ಮಿಕ್ಸಿ, ಪಂಪು ನಡೆಯುವುದಿಲ್ಲ, ಅದನ್ನು ಚಿಕ್ಕಮ್ಮನವರಿಗೆ ಮೊದಲೇ ಹೇಳಿಬಿಡಿ.

ಬಕೆಟ್ ಅಳತೆ ಈಗಿನದು. ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಅಳೆಯಿರಿ, ಪೈಪು ತರುವುದು ಆಮೇಲೆ. ಬಚ್ಚಲಿಗೆ ಹೋಗುವ ದಾರಿಯ ದೀಪವನ್ನು ಮಾತ್ರ ಕಂಟ್ರೋಲರಿನ ಪಕ್ಕದಿಂದಲೇ ಬೇರೆ ತಂತಿ ಎಳೆದು ಹಾಕಿಸಿ, ಸ್ವಿಚ್ ಬೇಡ. ರಾತ್ರಿಯಿಡೀ ಉರಿಯಲಿ.